ಆಫ್ ಮಾಡುವ ಕೈ

ವೆಂಕಟೇಶಮೂರ್ತಿಯವರ ಬಲಗೈಗೆ ಅದರದೇ ಬುದ್ಧಿಯಿತ್ತು. ಮನೆಯವರು ಮಲಗಲು ಹೊರಟರೆ ಅದು ಗೋಡೆಗುಂಟ ಹೊರಡುತ್ತಿತ್ತು. ಟೀವಿ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಯಾರದೋ ಮೊಬೈಲು, ಯಾವುದರ ಸ್ವಿಚ್ಚೂ ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಫ್ರಿಜ್ಜಿಗೊಂದು ವಿನಾಯಿತಿ, ಅದೂ ಹಾಲು ಒಡೆದುಹೋದ ಒಂದು ಬೆಳಿಗ್ಗೆ ಹೆಂಡತಿ ವನಜಾ ಮಾಡಿದ ರಂಪದ ಫಲ. ಆ ಹೊತ್ತಿನಲ್ಲಿ ಮೂರ್ತಿಯವರ ಮನಸ್ಸು ಬೇರೆಲ್ಲೋ ಇರುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮುಗಿಸಿಕೊಂಡು ಬರುತ್ತಿತ್ತು.

ಈ ಗೀಳು ಸುಮ್ಮನೆ ಹತ್ತಿದ್ದಲ್ಲ. ಅವರು ನಂಜನಗೂಡಿನ ಕಡೆ ವಿದ್ಯುತ್ ಇಲಾಖೆಯಲ್ಲಿ ಸೆಕ್ಷನ್ ಆಫೀಸರಾಗಿದ್ದಾಗ ರಾಮಲಿಂಗಪ್ಪ ಎಂಬ ಲೈನ್‌ಮನ್ ಕಂಬ ಹತ್ತಿದ್ದ. ಲೈನ್ ಆಫ್ ಮಾಡಿಸಿಯೇ ಹತ್ತಿದ್ದ. ಕೆಲಸ ಮುಗಿದಿರಬೇಕೆಂದುಕೊಂಡ ಯಾರೋ ಪುಣ್ಯಾತ್ಮ ಆನ್ ಮಾಡಿದ. ರಾಮಲಿಂಗಪ್ಪನನ್ನು ಕೆಳಗಿಳಿಸಿದವರಲ್ಲಿ ಮೂರ್ತಿಯವರೂ ಇದ್ದರು. ಅಂದಿನಿಂದ ಕರೆಂಟಿನ ಮೇಲೆ ಅವರಿಗೆ ಹುಟ್ಟಿದ್ದು ಭಯವೋ ಹಗೆಯೋ ಹೇಳುವುದು ಕಷ್ಟ. ಸಂಬಳ ಕೊಟ್ಟು ಸಾಕಿದ ಕರೆಂಟನ್ನೇ ಜೀವಮಾನವಿಡೀ ನಂಬದೆ ಬದುಕಿದರು. ಆಫ್ ಮಾಡಿದ್ದರಿಂದ ಯಾರೂ ಸತ್ತಿಲ್ಲ ಕಣಯ್ಯಾ ಎಂದು ಕೈಕೆಳಗಿನವರಿಗೆಲ್ಲ ಹೇಳಿ ಹೇಳಿ, ನಿವೃತ್ತಿಯ ದಿನದ ಭಾಷಣದಲ್ಲೂ ಅದನ್ನೇ ಹೇಳಿದ್ದರು.

ಕೊರೋನಾದ ವರ್ಷ, ವಿಮಾನಗಳು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ, ಅವರು ಐರ್ಲೆಂಡಿಗೆ ಬಂದಿಳಿದರು. ಡಬ್ಲಿನ್ ಪಕ್ಕದ ಕ್ಲಾಂಡಾಲ್ಕಿನ್‌ನಲ್ಲಿ ಮಗಳು ಪ್ರೇರಣಾಳ ಮನೆ. ಅವಳಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋ ಶುರುವಾಗಿತ್ತು. ಅಳಿಯ ಮಿಥುನ್ ಡ್ರೋಹೆಡಾದ ಆಸ್ಪತ್ರೆಯಲ್ಲಿ ಡಾಕ್ಟರು. ದಿನವೂ ಕೊರೋನಾ ರೋಗಿಗಳ ನಡುವೆಯೇ ಓಡಾಟ. ರೋಗ ತಡೆಯುವ ಶಕ್ತಿಯೇ ಇಲ್ಲದ ಹೆಂಡತಿಗೆ ಎಲ್ಲಿ ಅಂಟಿಸಿಬಿಡುತ್ತೇನೋ ಎಂದು ಅವನು ಅಲ್ಲೇ ಒಂದು ರೂಮು ಹಿಡಿದು ಉಳಿದುಬಿಟ್ಟ. ಹಿಂದಿನಿಂದ ಬರಬೇಕಿದ್ದ ವನಜಾ ಮೈಸೂರಿನಲ್ಲೇ ಸಿಕ್ಕಿಬಿದ್ದರು. ಹೀಗೆ ಅಡುಗೆಮನೆಯ ದಾರಿಯನ್ನು ಕಾಫಿಗೆಂದಷ್ಟೇ ಬಲ್ಲ ಮನುಷ್ಯನ ಕೈಗೆ ಮನೆ, ಮಗಳು, ಗಂಜಿ ಎಲ್ಲ ಬಂದು ಬಿತ್ತು.

ಅದರ ಜೊತೆಗೆ ಬಂದದ್ದು ಲೇಸರ್. ಕೀಮೋದಿಂದ ಪ್ರೇರಣಾಳ ಬಾಯೊಳಗೆಲ್ಲ ಹುಣ್ಣಾಗಿತ್ತು. ಅದಕ್ಕೆ ಆಸ್ಪತ್ರೆಯಲ್ಲಿ ಲೇಸರ್ ಬೆಳಕು ಕೊಡುತ್ತಿದ್ದರು, ಕೊಟ್ಟರೆ ಬೇಗ ಮಾಯುತ್ತಿತ್ತು. ಈಗ ಬೆಳಕಿಗೆಂದು ದಿನಾ ಆಸ್ಪತ್ರೆಗೆ ಬರುವುದು ಬೇಡವೆಂದು, ಗ್ರಾನ್ಯಾ ಎಂಬ ನರ್ಸ್ ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಮನೆಗೇ ತಂದಳು. ಗೇಟಿನಾಚೆ ನಿಂತು, ಮಾಸ್ಕಿನೊಳಗಿಂದ ಕೂಗಿ ಕೂಗಿ ಪಾಠ ಹೇಳಿದಳು. ತುದಿಯಿಂದ ಬರುವ ಕೆಂಪು ಚುಕ್ಕೆ ಜಾಗ ತೋರಿಸುವುದಕ್ಕಷ್ಟೇ. ವಾಸಿ ಮಾಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಇಬ್ಬರೂ ಹಸಿರು ಕನ್ನಡಕ ಹಾಕಿಕೊಳ್ಳಬೇಕು. ಯಂತ್ರವನ್ನು ರಾತ್ರಿಯಿಡೀ ಅದರ ಸ್ಟ್ಯಾಂಡಿನಲ್ಲಿಟ್ಟು ಒಳಗಿನ ಬ್ಯಾಟರಿ ಚಾರ್ಜ್ ಮಾಡಿದರೆ ಮರುದಿನಕ್ಕೆ ಸಾಕು. ಬೇಡವೆಂದರೆ ಡಬ್ಬಿಯಲ್ಲಿ ಬೇರೊಂದು ವೈರಿದೆ, ನೇರ ಗೋಡೆಗೆ ಸಿಕ್ಕಿಸಿಯೂ ನಡೆಸಬಹುದು, ಎರಡೂ ಗ್ರ್ಯಾಂಡ್, ಅಂದರೆ ಎರಡೂ ಸರಿಯೇ, ಎಂದಳು. ಈ ದೇಶದಲ್ಲಿ ಮಳೆ ಬಂದರೂ ಗ್ರ್ಯಾಂಡ್, ಮನುಷ್ಯ ಬಿದ್ದೆದ್ದರೂ ಗ್ರ್ಯಾಂಡ್ ಎಂಬುದು ಅಷ್ಟರಲ್ಲಾಗಲೇ ಮೂರ್ತಿಯವರಿಗೆ ತಿಳಿದಿತ್ತು.

ವೈರಿನ ಪ್ಲಾಸ್ಟಿಕ್ಕನ್ನು ಅವರು ಬಿಚ್ಚಲೂ ಇಲ್ಲ. ಗೋಡೆಯ ಕರೆಂಟಿಗೆ ಜೋಡಿಸಿದ ವಸ್ತುವನ್ನು ಮಗಳ ಒದ್ದೆ ಬಾಯೊಳಗೆ ಇಡುವುದೆ? ರಾಮಲಿಂಗಪ್ಪ ಕಣ್ಣ ಮುಂದೆ ಬಂದ.

"ವೈರೂ ಸೇಫೇ ಅಪ್ಪ. ವೋಲ್ಟೇಜ್ ಇಳಿಸಿಯೇ ಕೊಡತ್ತೆ," ಎಂದಳು ಪ್ರೇರಣಾ. ಆಗಿನ್ನೂ ಅವಳು ಒಂದಿಷ್ಟು ಮಾತಾಡಬಲ್ಲವಳಾಗಿದ್ದಳು.

"ಕರೆಂಟಿನ ವಿಷಯ ನನಗೆ ಬಿಡಮ್ಮ," ಎಂದರು.

ಬಿಟ್ಟಳು. ಪ್ರತಿ ಸಂಜೆ ಅವರು ಅಡುಗೆಮನೆಯ ಕಟ್ಟೆಯ ಮೇಲೆ ಯಂತ್ರವನ್ನು ಚಾರ್ಜಿಗೆ ಹಾಕುತ್ತಿದ್ದರು. ಬೆಳಿಗ್ಗೆ ಮತ್ತು ಸಂಜೆ ಮಗಳನ್ನು ಕಿಟಕಿಯ ಪಕ್ಕ ಕೂರಿಸಿ, ಕನ್ನಡಕ ಹಾಕಿಸಿ, ಕೆನ್ನೆಯ ಒಳಗೆ, ನಾಲಿಗೆಯ ಬದಿಗೆ, ತುಟಿಯ ಹಿಂದೆ ಆ ಚುಕ್ಕೆಯನ್ನು ಇಟ್ಟು ಇಟ್ಟು ತೆಗೆಯುತ್ತಿದ್ದರು. ದೇವರಿಗೆ ಹೂವಿಡುವಾಗಲೂ ಅಷ್ಟು ಶ್ರದ್ಧೆ ಇರಲಿಲ್ಲ. ಆದರೂ ಹುಣ್ಣು ಮಾಯಲಿಲ್ಲ, ಹರಡಿತು. ಮೊದಲು ಖಾರ ಬಿಟ್ಟಳು, ಆಮೇಲೆ ಹುಳಿ, ಕೊನೆಗೆ ಉಪ್ಪೂ ಉರಿಯತೊಡಗಿತು. ಉಪ್ಪಿಲ್ಲದ ಗಂಜಿಯನ್ನು ಆರಿಸಿ ಕೊಟ್ಟರೆ ಒಂದು ಚಮಚ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಲೋಟ ಸರಿಸುತ್ತಿದ್ದಳು. ಮಾತು ನಿಂತೇ ಹೋಯಿತು. ಬೇಕಾದ್ದನ್ನು ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದಳು. ತೂಕ ಇಳಿಯುತ್ತಲೇ ಇದೆ, ಬಾಯಿ ಹೀಗೇ ಇದ್ದರೆ ಮುಂದಿನ ಕೀಮೋ ಕೊಡುವಂತಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿದರು. ಕೀಮೋ ನಿಂತರೆ ಏನೆಂದು ಮೂರ್ತಿಯವರು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಮೈಸೂರಿನಿಂದ ವನಜಾ ದಿನವೂ ಕೇಳುತ್ತಿದ್ದದ್ದು ಒಂದೇ ಮಾತು: ಇವತ್ತು ಏನು ತಿಂದಳು? ಒಂದು ಲೋಟ ಗಂಜಿ, ಅರ್ಧ ಬಾಳೆಹಣ್ಣು ಎಂದು ಇವರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಫೋನಿಟ್ಟ ಮೇಲೆ ಹಾಗೇ ಉಳಿದ ಗಂಜಿಯನ್ನು ಸಿಂಕಿಗೆ ಸುರಿದು, ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಸಂಕಟ ಹೆಚ್ಚಿದಂತೆ ಅವರಿಗೆ ಎಲ್ಲದರ ಮೇಲೂ ಸಿಟ್ಟು. ಯಂತ್ರ ಹಳೆಯದಿರಬೇಕು, ನರ್ಸಮ್ಮ ಸರಿಯಾಗಿ ಹೇಳಿಕೊಟ್ಟಿಲ್ಲ, ಇಲ್ಲಿಯ ಅಕ್ಕಿಯೇ ಸರಿಯಿಲ್ಲ. ಒಂದು ಭಾನುವಾರ ಮಿಥುನ್ ಕಾರು ಹಾಕಿಕೊಂಡು ಬಂದು ಕಿಟಕಿಯ ಹೊರಗೆ ನಿಂತ. ಗಾಜಿನ ಈಚೆ ಪ್ರೇರಣಾ ಅಂಗೈ ಇಟ್ಟಳು, ಆಚೆ ಅವನು. ಮೂರ್ತಿಯವರು ಮುಖ ತಿರುಗಿಸಿಕೊಂಡರು. ಹೊರಡುವ ಮುನ್ನ ಮಿಥುನ್, ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಿದೆಯೇ ಎಂದು ಹಿಂಜರಿಯುತ್ತಲೇ ವಿಚಾರಿಸಿದ.

"ದಿನಾ ನನ್ನ ಕೈಯಾರೆ ಹಾಕ್ತೀನಿ. ಇಡೀ ತಾಲ್ಲೂಕಿಗೆ ಕರೆಂಟ್ ಕೊಟ್ಟೋನು ನಾನು," ಎಂದರು ಇವರು.

ಮಾವನೆದುರು ಇನ್ನೊಂದು ಮಾತಾಡುವ ಹುಡುಗನಲ್ಲ ಅವನು. ಸರಿ ಮಾವ ಎಂದು ತಲೆಬಗ್ಗಿಸಿ ಹೋದ. ಆ ಮರ್ಯಾದೆಯ ಬದಲು ಒಂದಿಷ್ಟು ಹಟ ಮಾಡಿದ್ದರೆ ಮಗಳ ಸಂಕಟ ಅಂದೇ ಕಡಿಮೆಯಾಗುತ್ತಿತ್ತು.

ಒಂದು ಮುಂಜಾನೆ ಪ್ರೇರಣಾ ಎಂದಿಗಿಂತ ಮುಂಚೆ ಕೆಳಗಿಳಿದು ಬಂದಳು. ಹಿಂದಿನ ರಾತ್ರಿ ಮಲಗಲು ಹೋಗುವಾಗ ಅವಳು ಮೊಬೈಲನ್ನು ಅಡುಗೆಮನೆಯಲ್ಲೇ, ಲೇಸರ್ ಪಕ್ಕದಲ್ಲಿ ಚಾರ್ಜಿಗೆ ಬಿಟ್ಟಿದ್ದಳು. ತೆಗೆದು ನೋಡಿದರೆ ಅದು ಸತ್ತು ಮಲಗಿತ್ತು. ಅವಳು ಸುಮ್ಮನೆ ಗೋಡೆಯನ್ನು ನೋಡಿದಳು. ಮೊಬೈಲಿನ ಸ್ವಿಚ್ ಆಫ್. ಪಕ್ಕದ್ದೂ ಆಫ್. ಚಿಕ್ಕಂದಿನಲ್ಲಿ ಈ ಅಪ್ಪ ಸೊಳ್ಳೆ ಮ್ಯಾಟಿನ ಸ್ವಿಚ್ಚು ಆರಿಸಿಹೋಗಿ ಮೈಯೆಲ್ಲ ಕಚ್ಚಿಸಿಕೊಂಡವಳು ಅವಳು. ಕಾಫಿ ಬೆರೆಸುತ್ತಿದ್ದ ತಂದೆಯ ಬಲಗೈಯನ್ನು ಹಿಡಿದುಕೊಂಡು ಬಂದು, ಬೆರಳನ್ನು ಆ ಸ್ವಿಚ್ಚಿನ ಮೇಲೆ ಇಟ್ಟಳು.

ಏನಮ್ಮ ಎಂದರು. ಸಂಜೆ ನಾನೇ ಹಾಕಿದ್ದೆನಲ್ಲ ಎಂದರು. ಅವಳು ಅವರ ಬೆರಳನ್ನು ಬಿಡಲಿಲ್ಲ. ಆಗ ಮೂರ್ತಿಯವರಿಗೆ ಹೊಳೆಯಿತು. ಹಾಕಿದ್ದು ಅವರೇ, ಮಲಗುವ ಮುಂಚೆ ಆರಿಸಿದ್ದೂ ಅವರೇ. ಬೆಳಿಗ್ಗೆ ಎದ್ದಾಗ ಎತ್ತಿಕೊಳ್ಳುತ್ತಿದ್ದದ್ದು ಅರೆಜೀವದ ಯಂತ್ರವನ್ನು. ಯಂತ್ರವನ್ನು ಒತ್ತಿ ನೋಡಿದರು. ಕೆಂಪು ಚುಕ್ಕೆ ಎಂದಿನಂತೆಯೇ ಬಂತು. ಅದರ ಪಕ್ಕದ ಸಣ್ಣ ದೀಪ ಮಾತ್ರ, ಹಸಿರಾಗಿರಬೇಕಾದ್ದು, ಚಾರ್ಜು ಸಾಲದೆಂದು ಹಳದಿಯಾಗಿ ಮಿಣುಕುತ್ತಿತ್ತು. ಹಸಿರು ಕನ್ನಡಕದೊಳಗಿಂದ ಅದು ದಿನವೂ ಹಸಿರಾಗಿಯೇ ಕಂಡಿತ್ತು. ಮಾಯಿಸುವ ಬೆಳಕು ಇಲ್ಲದ ಬರೀ ಚುಕ್ಕೆಯನ್ನು ಬಾಯೊಳಗೆ ಆಡಿಸಲು, ತುಟಿ ಬಿರಿದು ರಕ್ತ ಒಸರುತ್ತಿದ್ದರೂ ಅವಳು ದಿನಕ್ಕೆರಡು ಸಲ ಬಾಯಿ ತೆರೆದು ಕೂತಿದ್ದಳು.

ಮೂರ್ತಿಯವರು ನೆಲದ ಮೇಲೆ ಕೂತುಬಿಟ್ಟರು. "ನಾನೇ ಮಾಡಿದ್ನಲ್ಲೇ," ಎಂದರು. ಪ್ರೇರಣಾ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು, ಅದರಿಂದ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

ಗ್ರಾನ್ಯಾಗೆ ಫೋನು ಮಾಡಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಬೈಯಲಿಲ್ಲ. ನೀರು ಕಾಯಿಸುವ ಇಮ್ಮರ್ಶನ್ ಆಫ್ ಮಾಡಿದೆಯಾ ಎಂದು ನಮ್ಮಮ್ಮ ಸಾಯುವ ತನಕ ಕೇಳುತ್ತಿದ್ದಳು, ನೀವು ನಮ್ಮೂರಿನವರೇ ಬಿಡಿ ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬ್ಯಾಟರಿ ತುಂಬುವ ತನಕ ಕಾಯಬೇಡಿ, ಈಗಲೇ ವೈರು ಹಾಕಿ ಕೊಡಿ, ಇನ್ನು ಮುಂದೆ ವೈರಿನಲ್ಲೇ ಕೊಡಿ ಎಂದಳು.

ಅವರು ವೈರಿನ ಪ್ಲಾಸ್ಟಿಕ್ ಹರಿಯುವಷ್ಟರಲ್ಲಿ ಪ್ರೇರಣಾ ಕಿಟಕಿಯ ಪಕ್ಕ ಕನ್ನಡಕ ಹಾಕಿಕೊಂಡು ಕೂತಾಗಿತ್ತು. ಪ್ಲಗ್ ಸಿಕ್ಕಿಸಿದರು. ಆನ್ ಮಾಡಲು ಬಲಗೈ ಏಳಲಿಲ್ಲ; ಎಡಗೈಯಿಂದ ಒತ್ತಿದರು. ಆಮೇಲೆ ನಲ್ಲಿಯ ಕೆಳಗೆ ಬಲಗೈ ಹಿಡಿದು, ಒದ್ದೆಯಾದ ಹಿಂಗೈಗೆ ಯಂತ್ರದ ತುದಿಯನ್ನು ತಾಗಿಸಿಕೊಂಡರು. ಹಳೆಯ ಲೈನ್‌ಮನ್‌ಗಳು ಹಾಗೇ ನೋಡುತ್ತಿದ್ದರು. ಅಂಗೈ ತಾಗಿದರೆ ತಂತಿಯನ್ನು ಬಿಗಿದು ಹಿಡಿದುಬಿಡುತ್ತದೆ, ಹಿಂಗೈ ಆದರೆ ಎಗರಿ ಈಚೆ ಬರುತ್ತದೆ. ಅದನ್ನು ಹೇಳಿಕೊಟ್ಟವನು ರಾಮಲಿಂಗಪ್ಪನೇ. ಏನೂ ಆಗಲಿಲ್ಲ. ಇನ್ನೊಮ್ಮೆ ತಾಗಿಸಿಕೊಂಡರು. ಮತ್ತೆ ಸೋಪು ಹಾಕಿ ಕೈ ತೊಳೆದು, ತುದಿಯನ್ನು ಒರೆಸಿ, ಹೊಸ ಪ್ಲಾಸ್ಟಿಕ್ ಮುಸುಕು ತೊಡಿಸಿ ಮಗಳ ಮುಂದೆ ಕೂತರು.

"ಬಾಯಿ ತೆಗಿ ಮಗಳೆ."

ಕೊಟ್ಟು ಮುಗಿಯುವವರೆಗೂ ಅವರಿಗೆ ಉಸಿರಾಡಿದ ನೆನಪಿಲ್ಲ.

ಅಂದೇ ವನಜಾಗೂ ನಿಜ ಹೇಳಿದರು, ಗಂಜಿಯ ಸುಳ್ಳನ್ನೂ ಸೇರಿಸಿ. ಆಕೆ, "ಇವತ್ತು ಲೇಸರ್ ಕೊಟ್ರಾ?" ಎಂದು ಮಾತ್ರ ಕೇಳಿ ಫೋನಿಟ್ಟರು.

ಆ ಸುತ್ತಿನ ಕೀಮೋ ಮುಂದಕ್ಕೆ ಹೋಯಿತು. ಡಾಕ್ಟರು ಅದಕ್ಕೆ ಯಾರನ್ನೂ ಹೊಣೆ ಮಾಡಲಿಲ್ಲ, ಲೇಸರ್ ಕೊಟ್ಟರೂ ಕೆಲವರಿಗೆ ಹೀಗಾಗುತ್ತದೆ ಎಂದರು. ಮೂರ್ತಿಯವರು ಆ ಮಾತನ್ನು ಕೇಳಿಸಿಕೊಂಡರು, ನಂಬಲಿಲ್ಲ. ಹಿತ್ತಿಲಲ್ಲಿ ಡ್ಯಾಫೊಡಿಲ್ ಹೂಗಳು ಬಾಡಿದವು, ಸಂಜೆಗಳು ಉದ್ದವಾದವು. ಬೆಳಿಗ್ಗೆ ವೈರು, ಸಂಜೆ ವೈರು. ಮಲಗುವ ಹೊತ್ತಿಗೆ ಕೈ ಗೋಡೆಯ ಕಡೆ ಹೊರಟರೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಒಂದು ಮಧ್ಯಾಹ್ನ ಗಂಜಿ ಇಟ್ಟುಕೊಂಡು ಎಂದಿನಂತೆ ಎದುರು ಕೂತಿದ್ದರು. ಪ್ರೇರಣಾ ಒಂದು ಚಮಚ ನುಂಗಿದಳು, ಮತ್ತೊಂದು ನುಂಗಿದಳು. ಮುಖ ಕಿವುಚಿದಳು.

"ಅಪ್ಪ," ಎಂದಳು. ಎಷ್ಟೋ ದಿನದ ಮೇಲೆ ಕೇಳಿದ ಆ ದನಿ ತುಕ್ಕು ಹಿಡಿದಂತಿತ್ತು. "ಉಪ್ಪೇ ಇಲ್ಲ. ಸ್ವಲ್ಪ ಹಾಕಿ."

ಮೂರ್ತಿಯವರು ಎದ್ದರು. ಉಪ್ಪಿನ ಡಬ್ಬಿಯಿದ್ದದ್ದು ಲೇಸರ್‌ನ ಸ್ವಿಚ್ಚಿನ ಪಕ್ಕದಲ್ಲೇ. ಕಣ್ಣು ಮಂಜಾಗಿತ್ತು. ಬಲಗೈ ಆಗಲೇ ಗೋಡೆಯ ಕಡೆ ಹೊರಟಿತ್ತು. ಅವರು ಅದನ್ನು ಹಿಡಿದು ಪೈಜಾಮದ ಜೇಬಿಗೆ ತುರುಕಿ, ಎಡಗೈಯಲ್ಲಿ ಉಪ್ಪು ತಂದರು.