ಟೋರ್ಗೈರನ ಆರೂವರೆ ತೋಟಾ

ನಮ್ಮ ಕಣಿವೆಯಲ್ಲಿ ರೈಫಲ್ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಟೋರ್ಗೈರನ ಹತ್ತಿರ ಹೋಗುತ್ತಿದ್ದರು. ಯಾವ ಅಳತೆಯ ತೋಟಾ ತೆಗೆದುಕೊಳ್ಳಲಿ ಎಂದು ಯಾರೇ ಕೇಳಲಿ, ಅವನದು ಒಂದೇ ಉತ್ತರ.

"ಆರೂವರೆ. ಭಾನುವಾರ ಗುರಿಯ ಕಾಗದಕ್ಕೆ ಹೊಡಿ, ಸೋಮವಾರ ಮೂಸ್‌ಗೆ ಹೊಡಿ. ಎರಡಕ್ಕೂ ಅದೇ ಸಾಕು. ಇನ್ನೊಂದು ಯಾಕೆ ಮಾರಾಯ, ಮ್ಯೂಸಿಯಂ ಇಡ್ತೀಯಾ?"

ಆರೂವರೆ ಮಿಲಿಮೀಟರಿನ ಆ ಸಣ್ಣ ಗುಂಡನ್ನು ಅವನ ಅಪ್ಪನೂ ಹೊಡೆದವನೇ. ಭುಜಕ್ಕೆ ಒದೆಯುವುದಿಲ್ಲ, ದೂರಕ್ಕೂ ನೆಟ್ಟಗೆ ಹೋಗುತ್ತದೆ, ಎದೆಗೆ ಬಿದ್ದರೆ ಕುದುರೆಗಿಂತ ಎತ್ತರದ ಕಾಡುಜಿಂಕೆ ಮೂಸನ್ನೂ ಮಲಗಿಸುತ್ತದೆ. ಮರದ ಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿದು ಬದುಕಿದ ಈ ಮನುಷ್ಯ ಬೇರೆ ಯಾವ ವಿಷಯಕ್ಕೂ ಬಾಯಿ ಬಿಡುತ್ತಿರಲಿಲ್ಲ. ತೋಟಾದ ಮಾತು ಬಂದರೆ ಮಾತ್ರ ನಿಲ್ಲಿಸುತ್ತಿರಲಿಲ್ಲ. ಗುರಿ ಮೈದಾನದ ಮನೆಯಲ್ಲಿ ಕಾಫಿ ಕಾಯಿಸಿ ವಾಫಲ್ ಸುಡುವವಳು ನಾನು. ಅವನ ಭಾಷಣಕ್ಕೆ ತಣ್ಣಗಾದ ವಾಫಲ್‌ಗಳನ್ನು ನನ್ನ ನಾಯಿಯೇ ತಿಂದಿದೆ.

ತೋಟಾ ಒಂದೇ ಅಳತೆಯದಾದರೂ ಅದರ ತುದಿಯ ಗುಂಡು ಎರಡು ಬಗೆ. ಬೇಟೆಯ ಗುಂಡಿನ ಮೂತಿಯಲ್ಲಿ ಸೀಸ ಕಾಣುತ್ತದೆ. ಮೈಗೆ ತಗುಲಿದೊಡನೆ ಅರಳಿ ಪ್ರಾಣಿಯನ್ನು ಕೆಡವುತ್ತದೆ. ಪಂದ್ಯದ ಗುಂಡಿಗೆ ಮೂತಿಯವರೆಗೂ ತಾಮ್ರದ ಹೊದಿಕೆ; ಅದು ಅರಳುವುದೇ ಇಲ್ಲ, ಸೂಜಿಯ ಹಾಗೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ಸಾಯದೆ ನರಳುತ್ತದೆ. ಅದನ್ನು ಬೇಟೆಗೆ ಒಯ್ಯಕೂಡದೆಂದು ಕಾನೂನಿದೆ. ಕಾನೂನು ಹಾಗಿರಲಿ, ಅದು ನಮ್ಮ ಮಾನದ ಪ್ರಶ್ನೆ.

ಒಂದು ವರ್ಷ ಟೋರ್ಗೈರ್ ಪಂದ್ಯ ಗೆದ್ದ ಮರುದಿನವೇ ಬೇಟೆ ಶುರುವಾಯಿತು. ಅದೇ ಜಾಕೆಟ್ಟು, ಅದೇ ಜೇಬು, ನಸುಕಿನ ಮಬ್ಬು, ಕೈಯಲ್ಲಿ ಗವಸು. ಕ್ವೆರ್ನ್ ಜವುಗಿನ ಅಂಚಿನ ತನ್ನ ಜಾಗದಲ್ಲಿ ಕೂತು ತೋಟಾ ತುಂಬಿದ. ಎಡಗಿವಿ ಹರಿದ ಒಂದು ಹೆಣ್ಣು ಮೂಸ್ ಬಂದು ನಿಂತಿತು. ಹೊಡೆದ. ಅದು ಬೀಳಲಿಲ್ಲ. ತಲೆಯೆತ್ತಿ ಅವನ ಕಡೆಗೇ ನೋಡಿತು. ಒಮ್ಮೆ ಕೆಮ್ಮಿತು. ಆಮೇಲೆ ನಡೆದುಕೊಂಡೇ ಮಂಜಿನೊಳಗೆ ಹೋಯಿತು. ಇನ್ನೊಂದು ಈಡು ಹೊಡೆಯಲು ರೈಫಲ್ಲಿನ ಬೋಲ್ಟ್ ಎಳೆದಾಗ ಅವನ ಕಣ್ಣಿಗೆ ಬಿದ್ದದ್ದು ಮುಂದಿನ ತೋಟಾದ ತಾಮ್ರದ ಮೂತಿ.

ಮುಚ್ಚಿಡಲಿಲ್ಲ ಅವನು. ತಾನೇ ಬೇಟೆ ತಂಡದ ಕೈ ರೇಡಿಯೋದಲ್ಲಿ ಹೇಳಿದ: "ಪಂದ್ಯದ ತೋಟಾ ತುಂಬಿಬಿಟ್ಟಿದ್ದೆ. ಮೂಸ್‌ಗೆ ಗಾಯ ಆಗಿದೆ. ನಾಯಿ ಕಳಿಸಿ."

ನಾಯಿ ಹೊಳೆಯವರೆಗೆ ಜಾಡು ಹಿಡಿದು ಹೋಯಿತು, ಅಲ್ಲಿ ಕಳೆದುಕೊಂಡಿತು. ಸತ್ತಿದ್ದರೆ ಹೆಣ ಸಿಗಬೇಕು, ಬದುಕಿದ್ದರೆ ಹೆಜ್ಜೆ ಸಿಗಬೇಕು. ಎರಡೂ ಸಿಗಲಿಲ್ಲ. ಅದು ಬೇಗ ಸತ್ತಿತೋ, ಎಲ್ಲೋ ನರಳುತ್ತಾ ಬಿದ್ದಿದೆಯೋ, ಅಷ್ಟು ತಿಳಿದಿದ್ದರೆ ಸಾಕಿತ್ತು ಅವನಿಗೆ. ಅದೊಂದು ತಿಳಿಯದೆ ಮನುಷ್ಯ ಒಳಗೊಳಗೇ ಸವೆಯತೊಡಗಿದ. ತಾನು ಗೆದ್ದ ಬೆಳ್ಳಿಯ ಕಪ್ಪುಗಳನ್ನೆಲ್ಲ ಕೊಟ್ಟಿಗೆಗೆ ಹಾಕಿದ, ಪಂದ್ಯ ಬಿಟ್ಟ, ಯಾರಿಗೂ ತೋಟಾದ ಸಲಹೆ ಕೊಡಲಿಲ್ಲ.

ಮುಂದಿನ ಶರತ್ಕಾಲ ಅದೇ ಜವುಗಿನಿಂದ ರೇಡಿಯೋದಲ್ಲಿ ಅವನ ದನಿ ಬಂತು: "ಅವಳು ಬಂದಿದಾಳೆ."

ನಮ್ಮ ಬೇಟೆ ತಂಡದ ಯಜಮಾನ ಹೋಕನ್ ಕೂಗಿದ: "ಮತ್ತೆ ಹೊಡಿಯೋ!"

"ಹೊಡೆಸ್ಕೊಳ್ಳೋಕೆ ಬಂದಿಲ್ಲ. ನನ್ನ ನೋಡೋಕೆ ಬಂದಿದಾಳೆ."

ನಾವು ಓಡಿ ಹೋಗಿ ನೋಡಿದರೆ ಏನೂ ಇಲ್ಲ. ಜವುಗಿನ ಪಾಚಿ ಹೆಜ್ಜೆಯನ್ನು ಉಳಿಸಿಕೊಳ್ಳುವುದಿಲ್ಲ. ಅಲ್ಲಿಂದ ಪ್ರತಿ ವರ್ಷ ಅದೇ ಮಾತು, ಅದೇ ಖಾಲಿ ಜವುಗು. ಗುರಿಮನೆಯಲ್ಲಿ ಹುಡುಗರು ಅವನ ಬೆನ್ನ ಹಿಂದೆ ಮೂಸಿನ ಹಾಗೆ ಕೆಮ್ಮಿ ನಗುತ್ತಿದ್ದರು. ಒಬ್ಬನಿಗೆ ನಾನು ಸೌಟಿನಲ್ಲೇ ಬಿಟ್ಟೆ. "ದೆವ್ವ ಕಂಡವನ್ನ ನೋಡಿ ನಗ್ತೀಯೇನೋ? ಇವತ್ತು ನಿನ್ನ ವಾಫಲ್‌ಗೆ ಜಾಮ್ ಇಲ್ಲ, ಹೋಗು!" ಎಂದೆ. ಅಷ್ಟಾದರೂ ನನಗೂ ಒಳಗೆ ಅಳುಕೇ. ಅವನಿಗೆ ತಲೆ ಕೆಟ್ಟಿದೆ ಎಂದೇ ನಾನೂ ಅಂದುಕೊಂಡಿದ್ದೆ.

ಒಂದು ದಿನ ಕಾಫಿ ಲೋಟ ಹಿಡಿದು ಅವನೇ ಹೇಳಿದ: "ಓಸ್ಲೌಗ್, ಅವಳ ಕೆಮ್ಮು ನಮ್ಮ ಕಿಟಕಿ ಹತ್ರನೂ ಕೇಳ್ಸುತ್ತೆ ಕಣೇ."

"ಏನಂತೆ ಅವಳಿಗೆ?"

"ಕೆಲಸ ಅರ್ಧಕ್ಕೆ ಬಿಟ್ಟೆಯಲ್ಲ, ಮುಗಿಸು ಅಂತ."

"ಮುಗಿಸು ಮತ್ತೆ! ಎದುರಿಗೇ ನಿಲ್ತಾಳೆ ಅಂತೀಯ."

"ಕೈ ಏಳಲ್ಲ," ಎಂದು ಲೋಟ ಕೆಳಗಿಟ್ಟ. ಕಾಫಿ ಹಾಗೇ ಇತ್ತು.

ಹೀಗಿರುವಾಗ ಹೋಕನ್‌ನ ಸೊಸೆ ಸಿಗ್ನೆ ಬೇಟೆಯ ಪರೀಕ್ಷೆ ಪಾಸು ಮಾಡಿದಳು. ಕಡಲ ತೀರದ ಊರಿನವಳು, ಇಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ, ಬಾಯಿ ಜೋರು. ಗುರಿಮನೆಗೆ ಬಂದು, "ಒಂದೇ ರೈಫಲ್ ತಗೊಳ್ತೀನಿ. ಕಾಗದಕ್ಕೂ ಆಗ್ಬೇಕು, ಬೇಟೆಗೂ ಆಗ್ಬೇಕು. ಯಾವ ತೋಟಾ?" ಎಂದಳು. ಸರಿ, ಶುರುವಾಯಿತು ಗದ್ದಲ. ಒಬ್ಬ ಮೂವತ್ತು-ಸೊನ್ನೆ-ಆರರ ತೋಟಾ ಎಂದ. ಹೋಕನ್ ತನ್ನ ದಪ್ಪ ಒಂಬತ್ತರ ಗುಂಡನ್ನು ಮೇಜಿನ ಮೇಲೆ ಕುಟ್ಟಿ, "ಇದು ಮಾತ್ರ! ಆ ಸೂಜಿಯಲ್ಲಿ ಹೊಡೆದವರ ಪಾಡು ನೋಡಿದ್ದೀವಲ್ಲ," ಎಂದ. ಮೂಲೆಯಲ್ಲಿ ಟೋರ್ಗೈರ್ ಕೂತಿದ್ದಾನೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು.

ಸಿಗ್ನೆ ನೆಟ್ಟಗೆ ಮೂಲೆಗೆ ಹೋದಳು. "ನೀನು ಹೇಳು ಅಜ್ಜಾ."

ಅವನು ತನ್ನ ಅಂಗೈ ನೋಡಿಕೊಂಡ. "ಆರೂವರೆ," ಎಂದ. "ತೋಟಾದ್ದೇನೂ ತಪ್ಪಿರ್ಲಿಲ್ಲ. ತಪ್ಪು ನನ್ನ ಜೇಬಿಂದು. ಆದ್ರೆ ಒಂದು ಮಾತು ಕೇಳು ಮಗಳೇ, ಸೀಸದ ಮೂತಿದು ಬಿಟ್ಟು ಬೇರೆ ಗುಂಡು ಮನೆ ಒಳಗೇ ತರಬೇಡ. ಕಾಗದಕ್ಕೂ ಅದನ್ನೇ ಹೊಡಿ."

"ಪಂದ್ಯದಲ್ಲಿ ಸೋಲ್ತೀನಲ್ಲ?"

"ಸೋಲು. ಕಾಗದ ಬಂದು ನಿನ್ನ ಕಿಟಕಿ ಹತ್ರ ಕೆಮ್ಮಲ್ಲ."

ಹೋಕನ್‌ಗೆ ರೇಗಿತು. "ಇವಳು ಹೊಡೆದದ್ದು ಎದ್ದು ನಡೆದ್ರೆ, ಟೋರ್ಗೈರ್, ಅವತ್ತಿಗೆ ನಿನ್ನ ಬೇಟೆ ಮುಗೀತು. ತಿಳ್ಕೋ."

"ಮುಗೀತು," ಎಂದ ಟೋರ್ಗೈರ್.

ಬೇಸಿಗೆಯೆಲ್ಲ ಅವಳ ಪಕ್ಕದಲ್ಲಿ ಮಂಡಿಯೂರಿ ಕೂತು ಕಲಿಸಿದ. ಉಸಿರು ಹಿಡಿಯುವುದು, ಕಾಯುವುದು, ಹೊಡೆಯದೆ ಬಿಡುವುದು. ಅವಳು ಪಂದ್ಯಗಳಲ್ಲಿ ಚೆನ್ನಾಗಿಯೇ ಸೋತಳು. ಪ್ರತಿ ಸಲ ಅವನು ಬೆನ್ನು ತಟ್ಟಿದ.

ಶರತ್ಕಾಲ ಬಂತು. ಹೋಕನ್ ಜವುಗಿನ ಜಾಗವನ್ನು ಟೋರ್ಗೈರನಿಂದ ಕಿತ್ತು ಸೊಸೆಗೆ ಕೊಟ್ಟ. ಮುದುಕ ಎದುರಾಡಲಿಲ್ಲ. ರೈಫಲ್ಲನ್ನು ಮನೆಯಲ್ಲೇ ಬಿಟ್ಟು ಬಂದು, ಜವುಗಿನ ಮೇಲಿನ ದಿಬ್ಬದಲ್ಲಿ ದುರ್ಬೀನು, ರೇಡಿಯೋ ಹಿಡಿದು ಕಾವಲಿದ್ದ ನನ್ನ ಪಕ್ಕ ಕೂತ. ಕೆಳಗೆ ಹಾಲು ಚೆಲ್ಲಿದಂಥ ಮಂಜು. ದೂರದಲ್ಲಿ ನಾಯಿ ಬೊಗಳಿತು, ನಿಂತಿತು. ಆಮೇಲೆ ಒಂದೇ ಒಂದು ಈಡು.

"ಬಿತ್ತು," ಎಂದಳು ಸಿಗ್ನೆ ರೇಡಿಯೋದಲ್ಲಿ.

ಟೋರ್ಗೈರ್ ನನ್ನ ಕೈಯಿಂದ ರೇಡಿಯೋ ಕಿತ್ತುಕೊಂಡ. "ನಡೀತಾ? ಎಷ್ಟು ದೂರ ನಡೀತು?"

"ಒಂದು ಹೆಜ್ಜೇನೂ ಇಲ್ಲ ಅಜ್ಜಾ. ನಿಂತಲ್ಲೇ."

ನನಗಾದ ಖುಷಿ ಅಷ್ಟಿಷ್ಟಲ್ಲ. ಅವನ ಬೆನ್ನಿಗೆ ಗುದ್ದಿ, "ಗೆದ್ದೆ ಕಣೋ ಮುದುಕ!" ಎಂದೆ. ಅವನ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ನಗು ಕಂಡಿತು. ಅಷ್ಟರಲ್ಲಿ ಅವಳ ದನಿ ಮತ್ತೆ ಬಂತು, ಈ ಸಲ ಸಣ್ಣಗೆ: "ಹೆಣ್ಣು. ಜೊತೆಗೆ ಕರು ಇಲ್ಲ. ಎಡಗಿವಿ ಹರಿದಿದೆ."

ಅವನು ಎದ್ದು ದಿಬ್ಬ ಇಳಿಯತೊಡಗಿದ.

ಚರ್ಮ ಸುಲಿದಾಗ ಎಲ್ಲರೂ ನೋಡಿದೆವು. ಬೆನ್ನುಮೂಳೆಯ ಕೆಳಗೆ, ಪಕ್ಕೆಲುಬಿನಲ್ಲಿ ಸಣ್ಣ ದುಂಡನೆ ತೂತು, ಸುತ್ತ ಮೂಳೆ ಮತ್ತೆ ಬೆಳೆದು ನುಣುಪಾಗಿತ್ತು. ಕೆಮ್ಮಿ ಅಣಕಿಸುತ್ತಿದ್ದ ಹುಡುಗರು ಟೋಪಿ ತೆಗೆದರು. ಟೋರ್ಗೈರ್ ಗವಸು ಬಿಚ್ಚಿ ಕಿರುಬೆರಳಿನ ತುದಿಯನ್ನು ಆ ತೂತಿಗೆ ಇಟ್ಟ. ಅವನು ಪ್ರತಿ ವರ್ಷ ನಿಜವನ್ನೇ ಹೇಳಿದ್ದ; ನಾವೇ ನಂಬಿರಲಿಲ್ಲ.

"ನರಳಿದ್ಲೇನೋ, ಹೋಕನ್?"

ಹೋಕನ್ ಚಾಕು ಒರೆಸಿಕೊಂಡು ಮಂಡಿಯೂರಿದ. "ಬೆನ್ನ ಮೇಲೆ ಕೊಬ್ಬು ನೋಡು, ಎಷ್ಟು ದಪ್ಪ ಇದೆ. ತಿಂದುಂಡು ಚೆನ್ನಾಗೇ ಬದುಕಿದ್ಲು ಕಣೋ. ನಾನು ನಿನ್ನ... ಬಿಡು. ಕ್ಷಮಿಸ್ಬಿಡು."

ಟೋರ್ಗೈರ್ ಅತ್ತ. ನಮ್ಮ ಕಡೆ ಗಂಡಸರು ಹಾಗೆಲ್ಲ ಎದುರಿಗೆ ಅಳುವುದಿಲ್ಲ. ಅವನು ಮುಖ ಮುಚ್ಚಿಕೊಳ್ಳದೆ ಅತ್ತ. ಸಿಗ್ನೆಯೂ ಅಳುತ್ತಾ, "ನಂಗೆ ಗೊತ್ತಾಗ್ಲಿಲ್ಲ ಅಜ್ಜಾ, ಮಂಜಲ್ಲಿ ಕಿವಿ ಕಾಣ್ಲಿಲ್ಲ," ಎಂದಳು.

"ಕಂಡಿದ್ರೂ ಹೊಡೀಬೇಕಿತ್ತು. ನಾನು ಬಿಟ್ಟ ಕೆಲಸ ಅದು," ಎಂದ.

ತನ್ನ ಪಾಲಿನ ಮಾಂಸವನ್ನು ನನಗೇ ಕೊಟ್ಟ. ಚಳಿಗಾಲವಿಡೀ ಕೋಸು ಹಾಕಿ ಬೇಯಿಸಿ ತಿಂದೆವು. ಇನ್ನಾದರೂ ಅವನು ಕಿಟಕಿಗೆ ಕಿವಿಗೊಡದೆ ಮಲಗಬಹುದು ಎಂದು ನೆಮ್ಮದಿಯಾಗಿತ್ತು ನನಗೆ.

ಈ ಶರತ್ಕಾಲ ಹೋಕನ್ ತಾನಾಗಿಯೇ ಜವುಗಿನ ಜಾಗವನ್ನು ಅವನಿಗೆ ಹಿಂದಿರುಗಿಸಿದ. ನಾನು ದಿಬ್ಬದ ಮೇಲಿದ್ದೆ. ಕೆಳಗೆ ಮಂಜು ಆಗಷ್ಟೇ ಚದುರುತ್ತಿತ್ತು. ರೇಡಿಯೋ ಗೊರಗುಟ್ಟಿತು.

"ಅವಳು ಬಂದಿದಾಳೆ."

ತಂಡದಲ್ಲಿ ಯಾರೂ ನಗಲಿಲ್ಲ. ಹೋಕನ್‌ನ ದನಿ ಬಂತು, ಅವನದಲ್ಲವೇನೋ ಎನ್ನುವಷ್ಟು ಮೆತ್ತಗೆ.

"ಹೇಗಿದಾಳೆ?"

"ಕೆಮ್ತಿಲ್ಲ."

"ಹಾಗಾದ್ರೆ ಹೋಗ್ಲಿ ಬಿಡು, ಟೋರ್ಗೈರ್."

"ಹೂಂ. ಹೋಗ್ತಿದಾಳೆ."

ದಿಬ್ಬದಿಂದ ಇಡೀ ಜವುಗು ಕಾಣುತ್ತದೆ, ದುರ್ಬೀನು ನನ್ನ ಕುತ್ತಿಗೆಯಲ್ಲೇ ಇತ್ತು. ನಾನು ಎತ್ತಿ ನೋಡಲಿಲ್ಲ.