ಎಣಿಕೆಗೆ ಮೊದಲೇ ಒಣಗುವ ಬಣ್ಣ

ಬೆಳಗಿನ ನಮಾಜು ಆಗಷ್ಟೇ ಮುಗಿದಿದೆ. ನೈಲ್ ಬಯಲಿನ ಕಫ್ರ್ ಜುಮ್ಮೇಜ್ ಊರಿನ ಸಂದಿಯಲ್ಲಿ ಬಸ್ಯೂನಿ ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ ಬಿಗಿದು, ಬಲದಿಂದ ಎಡಕ್ಕೆ ಕುಂಚ ಎಳೆಯುತ್ತಿದ್ದಾರೆ. ನಾಳೆ ಮತದಾನ. ಪೆನ್ಸಿಲ್ ಗೆರೆ ಇಲ್ಲ, ಅಳತೆಪಟ್ಟಿ ಇಲ್ಲ, ಆದರೂ ಒಂದಕ್ಷರ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಅಬ್ಬಾ, ಅದೆಂಥ ಕೈ!

“ಮೊದ್ಲು ತಿನ್ರಿ. ನಿಮ್ ಒಂಟೆ ಎಲ್ಲೂ ಓಡಿಹೋಗಲ್ಲ,” ಎಂದು ಹೆಂಡತಿ ತಹಾನಿ ರೊಟ್ಟಿ, ಬೇಯಿಸಿದ ಕಾಳು ತಂದಿಡುತ್ತಾರೆ. ಒಂಟೆ ಅಂದರೆ ಆಳುವ ಪಕ್ಷದ ಹಾಜಿ ರಿಫಾತ್ ಅವರ ಗುರುತು.

ಅರವತ್ತೊಂದರ ಬಸ್ಯೂನಿ ಬ್ಯಾನರ್ ಬರೆಯಲು ಕೂತು ನಲವತ್ತು ವರ್ಷ. ಅಂಗಡಿ ಬೋರ್ಡುಗಳನ್ನೆಲ್ಲ ಯಂತ್ರ ನುಂಗಿತು, ಉಳಿದದ್ದು ಮದುವೆ ಮತ್ತು ಚುನಾವಣೆ. ಚುನಾವಣೆ ಬಂತೆಂದರೆ ದಿನಕ್ಕೆ ಇಪ್ಪತ್ತೈದು ಬ್ಯಾನರ್, ಸಂಜೆಗೆ ಭುಜ ಎತ್ತಲಾಗುವುದಿಲ್ಲ. ಬರೆಯುವುದು ಎಲ್ಲರಿಗೂ. “ಗೆಲ್ಲೋನು ಯಾರು, ಸೋಲೋನು ಯಾರು ಅಂತ ಅಕ್ಷರಕ್ಕೇನು ಗೊತ್ತು?” ಮತದಾನ ಮುಗಿದದ್ದೇ ಹೆಂಗಸರು ಬ್ಯಾನರ್ ಬಿಚ್ಚಿ ದಿಂಬಿನ ಚೀಲ ಹೊಲಿಯುತ್ತಾರೆ. ಅರ್ಧ ಊರು ಸೋತವರ ಹೆಸರಿನ ಮೇಲೆ ತಲೆಯಿಟ್ಟು ಮಲಗುತ್ತದೆ.

ಇಲ್ಲಿ ಇನ್ನೊಂದು ರೂಢಿಯಿದೆ. ಆಳುವ ಪಕ್ಷದವರು ಗೆಲುವಿನ ಬ್ಯಾನರನ್ನೂ ಮತದಾನಕ್ಕೆ ಮುಂಚೆಯೇ ಬರೆಸಿಟ್ಟುಕೊಳ್ಳುತ್ತಾರೆ. ಆರು ಸಲ ಮತದಾನದ ಹಿಂದಿನ ದಿನವೇ ಹಾಜಿಯನ್ನು ಗೆಲ್ಲಿಸಿದ ಕೈ ಇದು. ಈ ಸಲ ಎದುರಿಗೆ ನಿಂತವರು ಏಣಿ ಗುರುತಿನ ಇಬ್ತಿಸಾಮ್ ಟೀಚರ್, ಬಸ್ಯೂನಿಯ ಇಬ್ಬರು ಹೆಣ್ಣುಮಕ್ಕಳಿಗೂ ಅಕ್ಷರ ಕಲಿಸಿದವರು.

ಬ್ಯಾನರ್ ಒಯ್ಯಲು ಬಂದ ಪಕ್ಷದ ಗಲಾಲ್ ಕಣ್ಣು ಕಿರಿದಾಗಿಸಿ ಓದುತ್ತಾನೆ: “ಗೆದ್ದ ನಮ್ಮ ಪ್ರತಿನಿಧಿಗೆ ಅಭಿನಂದನೆ.” ಆಮೇಲೆ ಖಾಲಿ ಜಾಗ.

“ಹೆಸ್ರೆಲ್ಲಿ ಚಿಕ್ಕಪ್ಪಾ?”

“ಎಣಿಕೆ ಆಗ್ಲಿ. ಅರ್ಧ ಗಂಟೇಲಿ ಒಣಗುತ್ತೆ ಬಣ್ಣ.”

“ತಮಾಷೆ ಸಾಕು. ಈ ತಿಂಗಳು ಅಂಗಡಿ ಪರವಾನಗಿ ಹೊಸದು ಮಾಡಿಸ್ಬೇಕಲ್ವಾ ನೀನು?”

ತಹಾನಿಯ ಕೈಯಲ್ಲಿ ಟೀ ಲೋಟ ಹಾಗೇ ನಿಲ್ಲುತ್ತದೆ. ಬಸ್ಯೂನಿ ಕುಂಚ ತೊಳೆಯುತ್ತಾರೆ. “ಮಾಡಿಸ್ಬೇಕು ಮಗಾ. ಆದ್ರೂ ಹೆಸ್ರು ನಾಳಿದ್ದೇ.” ಗಲಾಲ್ ಬ್ಯಾನರ್ ಸುತ್ತಿಕೊಂಡು ದಡದಡ ಹೊರಟುಬಿಡುತ್ತಾನೆ.

ಗೆದ್ದದ್ದು ಹಾಜಿಯೇ, ಅದರಲ್ಲೇನು ಹೊಸದು! ಕಾಲುವೆ ಸೇತುವೆಯ ಮೇಲೆ ಬ್ಯಾನರ್ ಏರುತ್ತದೆ. ಅಭಿನಂದನೆ ಮುತ್ತು ಪೋಣಿಸಿದ ಹಾಗಿದೆ, ಪಕ್ಕದ ಹೆಸರು ಮಾತ್ರ ಸೊಟ್ಟಪಟ್ಟ, ಯಾರೋ ಅವಸರದಲ್ಲಿ ಗೀಚಿದ್ದು. ಹಾದುಹೋಗುವವರೆಲ್ಲ ಅದನ್ನು ನೋಡುತ್ತಾರೆ, ಆಮೇಲೆ ಬಸ್ಯೂನಿಯ ಅಂಗಡಿ ಕಡೆ ನೋಡುತ್ತಾರೆ. ಕ್ಷೌರದಂಗಡಿಯ ಸಬ್ರಿ ಅಲ್ಲಿಂದಲೇ ಕೂಗುತ್ತಾನೆ, “ಆ ಹೆಸ್ರು ನಿನ್ ಕೈದಲ್ಲ ಬಿಡು ಚಿಕ್ಕಪ್ಪಾ, ಕುರುಡನಿಗೂ ಗೊತ್ತಾಗುತ್ತೆ!”

ಪರವಾನಗಿ ಇನ್ನೂ ಬಂದಿಲ್ಲ, ತಹಾನಿಗೆ ನಿದ್ದೆಯಿಲ್ಲ. ಬಸ್ಯೂನಿ ಮೂರು ಮೀಟರ್ ಬಿಳಿ ಬಟ್ಟೆ ಮಡಚಿ ಪೆಟ್ಟಿಗೆಯಲ್ಲಿಡುತ್ತಿದ್ದಾರೆ, ಮುಂದಿನ ಚುನಾವಣೆಗೆ.

“ಎಣಿಕೆ ಮುಗಿದ ಮೇಲೆ ಯಾರಾದ್ರೂ ಏದುಸಿರು ಬಿಡ್ತಾ ಓಡ್ಬಂದು, ‘ಗೆದ್ದೋರು ಇಂಥೋರು, ಬೇಗ ಬರಿ ಬಸ್ಯೂನಿ’ ಅನ್ಬೇಕು. ಒಂದೇ ಒಂದ್ಸಲ, ಬಣ್ಣ ಹಸಿ ಇದ್ದಾಗ್ಲೇ ಬ್ಯಾನರ್ ಕಟ್ಬೇಕು ನಾನು.”