ಬಿದಿರು ಬೇಲಿಯ ಪಂಚನಾಮೆ

೧೬೨೧ರ ಮೇ ೮ರಂದು, ಇಂದಿನ ಇಂಡೊನೇಷ್ಯಾದ ಬಾಂಡಾ ದ್ವೀಪಗಳಲ್ಲಿ, ಡಚ್ ಕಂಪನಿಯ ಕೋಟೆಯ ಹೊರಗೆ, ಬಿದಿರು ಬೇಲಿಯೊಳಗೆ ನಲವತ್ತನಾಲ್ಕು ಮಂದಿ ಊರ ಮುಖಂಡರನ್ನು ಕೈಕಟ್ಟಿ ಕೊಲ್ಲಲಾಯಿತು. ಕಡಿದವರು ಕಂಪನಿ ಸಂಬಳ ಕೊಟ್ಟು ತಂದ ಜಪಾನಿ ಕತ್ತಿಯಾಳುಗಳು. ತಲೆಗಳನ್ನೂ ಸೀಳಿದ ದೇಹಗಳನ್ನೂ ಬಿದಿರಿನ ತುದಿಗೆ ಸಿಕ್ಕಿಸಿದರು. ಜಾಯಿಕಾಯಿಯನ್ನು ಕಂಪನಿಗೆ ಮಾತ್ರ ಮಾರಬೇಕೆಂಬ ಕರಾರನ್ನು ದ್ವೀಪದವರು ಮುರಿದರೆಂಬುದು ಜಗಳದ ಮೂಲ. ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಕಂಪನಿಯದೇ ಸೇನೆಯ ಅಧಿಕಾರಿ.

ಯಲ್ಲಾಪುರದ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷಕ್ಕೆ ಈ ಪಾಠ ಮಾಡುತ್ತೇನೆ. ಕಳೆದ ವರ್ಷ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಜಾಯಿಕಾಯಿಗೆ ಇಷ್ಟೆಲ್ಲ ಎಂತಕ್ಕೆ ಸರ್? ನಮ್ಮನೆ ಹಿಂದೆ ಮಂಗನೂ ಮುಟ್ಟೂದಿಲ್ಲ."

"ನಿಮ್ಮನೆ ಮಂಗಕ್ಕೆ ಯುರೋಪಿನ ರೇಟು ಗೊತ್ತಿಲ್ಲೆ," ಎಂದಳು ಮುಂದಿನ ಸಾಲಿನ ಹುಡುಗಿ. ತರಗತಿ ನಕ್ಕಿತು.

ಮೊದಲು ಪತ್ರಿಕೆಯಲ್ಲಿದ್ದ ನನಗೆ ಪೊಲೀಸ್ ಪಂಚನಾಮೆ ಓದಿ ರೂಢಿ. ಆ ಕೊಲೆಗೊಂದು ಪಂಚನಾಮೆ ಬರೆದು ತನ್ನಿ ಎಂದೆ: ಸ್ಥಳ, ಹೊತ್ತು, ಆಯುಧ, ಗಾಯ, ಸಾಕ್ಷಿ. ವರ್ಣನೆ ಬೇಡ.

ಮಂಗನ ಮಾತಾಡಿದ್ದ ಹುಡುಗಿಯ ಹಾಳೆಯಲ್ಲಿ ಬಾಂಡಾ ಇರಲಿಲ್ಲ. ಸ್ಥಳ: ವಜ್ರಳ್ಳಿ ಕಡೆಯ ನಮ್ಮ ಮನೆಯಂಗಳ. ಹೊತ್ತು: ಬೆಳಿಗ್ಗೆ, ಕಾಳುಮೆಣಸು ಒಣಹಾಕಿದ ಮೇಲೆ. ಆಯುಧ: ಬಿದಿರಿನ ದೊಣ್ಣೆ. ಮೆಣಸು ಕದ್ದನೆಂದು ಕೂಲಿಯವನೊಬ್ಬನನ್ನು ಕಂಬಕ್ಕೆ ಕಟ್ಟಿ ಚಿಕ್ಕಪ್ಪನೂ ಇನ್ನಿಬ್ಬರೂ ಹೊಡೆದರು. ಬಲಗೈ ಎರಡು ಕಡೆ ಮುರಿದು ಮೂಳೆ ಹೊರಬಂತು. ಕೂಗದಂತೆ ಬಾಯಿಗೆ ಹಸಿ ಮೆಣಸು ತುರುಕಿದರು. ಸಾಕ್ಷಿ: ನಾನು.

ಶಿರಸಿಯ ಆಸ್ಪತ್ರೆಯಲ್ಲಿ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಎಂದು ದಾಖಲಾಗಿತ್ತು. ಬರೆಸಿದವನು ಚಿಕ್ಕಪ್ಪ ಎಂದು ಕೇಳಿದಾಗ ಅವಳೇ ಹೇಳಿದಳು.

"ಇದು ಠಾಣೆಗೆ ಹೋದರೆ ನೀನು ಮನೇಲಿರೋಕೆ ಆಗುತ್ತಾ?" ಎಂದು ಕೇಳಿದೆ.

"ಇಲ್ಲೆ ಸರ್. ಆದ್ರೆ ಆನು ಹೇಳ್ದೇ ಹೋದ್ರೆ ಏಣಿನೇ ಹೊಡ್ದಾಂಗೆ ಆಗ್ತು."

ಮರುದಿನ ಬೆಳಿಗ್ಗೆ ಅವಳು ಠಾಣೆಗೆ ಹೋಗಿ ಹಾಳೆ ಕೊಟ್ಟಳು. ನಾನು ಜೊತೆಗಿದ್ದೆ. ಮಧ್ಯಾಹ್ನ ಚಿಕ್ಕಪ್ಪ ಕಾಲೇಜಿಗೇ ಬಂದ.

"ಮಾಸ್ತರೇ, ಹಳೇ ಹೆಣ ಎಣ್ಸೂಲೆ ನಿಮ್ಗೆ ಸಂಬಳ. ನಮ್ಮನೆ ಅಂಗಳ ಎಂತಕ್ಕೆ?" ಎಂದವನು, ವರಾಂಡದಲ್ಲಿ ನಿಂತಿದ್ದ ಅವಳ ಜಡೆ ಹಿಡಿದು ಮುಖವನ್ನು ಕಿಟಕಿಯ ಸರಳಿಗೆ ಅಪ್ಪಳಿಸಿದ. ಒಮ್ಮೆಯಲ್ಲ, ಮೂರು ಸಲ. ಬಿಡಿಸಲು ನಾವು ನಾಲ್ವರು ಬೇಕಾಯಿತು. ಎರಡು ಹಲ್ಲು ನೆಲದ ಮೇಲಿದ್ದವು.

ರಕ್ತ ಉಗುಳಿ ಅವಳು ಅಂದಳು: "ಹೊತ್ತು ಬರ್ಕಳಿ ಸರ್."

ಎರಡು ಇಪ್ಪತ್ತು. ಬರೆದುಕೊಂಡೆ.

ಚಿಕ್ಕಪ್ಪ ಜಾಮೀನಿನ ಮೇಲೆ ಹೊರಗಿದ್ದಾನೆ. ಅವಳು ಟಿ.ಸಿ. ಪಡೆದು ಸಿದ್ದಾಪುರದ ಸೋದರತ್ತೆಯ ಮನೆಯಿಂದ ಅಲ್ಲಿನ ಕಾಲೇಜಿಗೆ ಹೋಗುತ್ತಾಳೆ. ಕಳೆದ ತಿಂಗಳು ಆ ಕೂಲಿಯವನು, ತಾನು ಏಣಿಯಿಂದ ಬಿದ್ದದ್ದು ಎಂದು ನ್ಯಾಯಾಲಯದಲ್ಲಿ ಹೇಳಿದ್ದಾನೆ. ಅಂಗಳದಲ್ಲಿ ಅವನನ್ನು ಹೊಡೆದದ್ದನ್ನು ಕಂಡವರ ಪಟ್ಟಿಯಲ್ಲಿ ಈಗ ಉಳಿದಿರುವುದು ಅವಳ ಹೆಸರೊಂದೇ.